ಮೈಯೆಲ್ಲ ಕಿವಿಯಾದ ತೋಳು

ಮದ್ದೂರಿನ ನನ್ನ ಸೋದರಮಾವ ಬೀಗರ ಊಟವನ್ನೇ ಸಸ್ಯಾಹಾರಿ ಮಾಡಿದ ಮಹಾನುಭಾವರು! ಉಪದೇಶ ಕೊಟ್ಟಲ್ಲ, ಪಾಠ ಮಾಡಿ. ಜೀವಶಾಸ್ತ್ರದ ಮೇಷ್ಟ್ರಾಗಿದ್ದವರು, ಕೆಲಸದಿಂದ ನಿವೃತ್ತರಾದರೂ ಬಾಯಿಗಿನ್ನೂ ನಿವೃತ್ತಿ ಸಿಕ್ಕಿಲ್ಲ.

ಮಳವಳ್ಳಿಯ ಆ ಪಂಕ್ತಿಯಲ್ಲಿ ಎಲೆಗೆ ಮುದ್ದೆ, ಬೋಟಿ ಗೊಜ್ಜು, ತೊಡೆಯ ತುಂಡು ಬಿದ್ದಿದ್ದೇ ತಡ, ಮಾವ ತುಂಡನ್ನೆತ್ತಿ ಹಿಡಿದು ನನ್ನ ಕಡೆ ತಿರುಗಿದರು. "ಇದ್ರ ಒಂದೊಂದ್ ಎಳೆ ಒಳ್ಗೂ ನೂರಾರು ಕೋಶಕೇಂದ್ರ ಅವೆ ಕಣ್ಲಾ. ಎಲ್ಲದ್ರಲ್ಲೂ ಅವೇ ಜೀನು. ಆದ್ರೆ ನರ ಬಂದು ಮುಟ್ಟೋ ಜಾಗ್ದವು ಮಾತ್ರ ಕಿವಿ ಮಾಡೋ ಜೀನು ತೆರೀತವೆ; ಕಿವಿ ಅಂದ್ರೆ ನರದ ಮಾತು ಹಿಡಿಯೋ ಪ್ರೋಟೀನು. ಮಿಕ್ಕವ್ಕೆ ನರದ ಕರೆಂಟು, ಸುಮ್ಕಿರಿ ಅಂತದೆ."

"ನರ ಕಿತ್ತೋದ್ರೆ?" ಪಕ್ಕದ ಬೀಗರು ಕೇಳಿಬಿಟ್ಟರು. ಕೇಳಬಾರದಿತ್ತು!

"ಆಗ ಎಲ್ಲವೂ ಆ ಜೀನು ತೆರ್ದು, ಎಳೆ ಉದ್ದಕ್ಕೂ ಕಿವಿ ಮೂಡುಸ್ಕತವೆ. ನರ ಎತ್ಲಿಂದ ಕರೆದಾದೋ ಅಂತ ಮೈಯೆಲ್ಲ ಕಿವಿಯಾಗಿ ಕಾಯ್ತವೆ."

ಕಿವಿ ಮೂಡುವ ತುಂಡನ್ನು ಯಾರು ತಿನ್ನುತ್ತಾರೆ? ಇಡೀ ಸಾಲು ಅನ್ನ ಮಜ್ಜಿಗೆಗೆ ಇಳಿಯಿತು. ಮಾವ ಮಾತ್ರ ಮತ್ತೊಮ್ಮೆ ಹಾಕಿಸಿಕೊಂಡರು.

ಹೋದ ವರ್ಷ ಅತ್ತೆ ಆತಗೂರಿನ ಹತ್ತಿರ ಸ್ಕೂಟರಿನಿಂದ ಬಿದ್ದು, ಬಲತೋಳಿನ ನರ ತುಂಡಾಯಿತು. ಮಂಡ್ಯದ ಡಾಕ್ಟರು ಹೊಲಿದರು. ನರ ನಿಧಾನವಾಗಿ ಬೆಳೆದು ಸ್ನಾಯುವನ್ನು ಮುಟ್ಟಬೇಕು, ಮುಟ್ಟದಿದ್ದರೆ ಮುಂಗೈ ಹೀಗೇ ಜೋತುಬಿದ್ದಿರುತ್ತದೆ ಎಂದರು. ಅಂದಿನಿಂದ ಮಾವನಿಗೆ ಬೇರೆ ಶಿಷ್ಯರೇ ಬೇಡವಾದರು. ಅತ್ತೆಯ ಬಲಗಡೆ ಕುರ್ಚಿ ಹಾಕಿಕೊಂಡು, ಆ ಮುಂಗೈಯನ್ನು ಎತ್ತಿ ಇಳಿಸುತ್ತ, ತೋಳಿನ ಜೊತೆಗೇ ಮಾತು! ಅದಕ್ಕೆ ಪೇಪರು ಓದಿದರು. ಕೊಕ್ಕರೆ ಬೆಳ್ಳೂರಿಗೆ ಹಕ್ಕಿ ಬಂದ ಸುದ್ದಿಯನ್ನೂ ಹೇಳಿದರು.

"ಕಿವಿ ತೆರ್ಕಂಡ್ ಕಾಯ್ತಾ ಅವೆ, ಪಾಪ. ಬೇಜಾರಾಗ್ಬಾರ್ದಲ್ವಾ," ಎಂದು ನನಗೆ ವಿವರಣೆ.

"ನೋಡು ಮಗಾ," ಎಂದರು ಅತ್ತೆ, "ತೋಳಿಗೆ ಏಳಿ, ಬನ್ನಿ ಅಂತಾರೆ. ನನ್ಗೆ ಇವತ್ಗೂ ಲೇ ಅಂತ್ಲೇ."

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ, ಕಾಫಿ ಲೋಟದತ್ತ ಚಾಚಿದ ಅತ್ತೆಯ ಮುಂಗೈ ತಾನಾಗಿಯೇ ಒಂದಿಷ್ಟು ಮೇಲೆದ್ದಿತು. ನಾನು ಎದುರಿಗೇ ಇದ್ದೆ. ಮಾವ ಕೂಸಿನಂತೆ ಕುಣಿದುಬಿಟ್ಟರು. "ನರ ಬಂತು ಕಣೇ. ಇನ್ನು ಮಿಕ್ಕ ಕಡೆ ಆ ಜೀನೆಲ್ಲ ಮುಚ್ಕತವೆ. ನರ ಮುಟ್ಟಿದ್ ಜಾಗ್ದಲ್ಲಿ ಕಿವಿ ಇದ್ರೆ ಸಾಕು."

ಅತ್ತೆ ನಗಲಿಲ್ಲ. ಮುಂಗೈಯನ್ನೇ ನೋಡುತ್ತ, "ಅಂಗಾರೆ ನಾಳಿಂದ ನನ್ ಪಕ್ಕ ಕೂತ್ಕಂಡು ಮಾತಾಡಕಿಲ್ವಾ?" ಎಂದು ಕೇಳಿದರು.

ನನಗೆ ಅಳು ಬಂತು. ಮಾವ ಕುರ್ಚಿಯನ್ನು ಅತ್ತೆಯ ಎಡಗಡೆಗೆ ಎಳೆದುಕೊಂಡು, ಏನೂ ಆಗದೆ ಗಟ್ಟಿಯಾಗಿದ್ದ ಆ ಕೈಯನ್ನು ಹಿಡಿದುಕೊಂಡರು.

"ಈ ಕೈಗೆ ನಾನಿನ್ನೂ ಏನೂ ಯೋಳೇ ಇಲ್ವಲ್ಲೇ," ಎಂದರು.