ಫೌಜದಾರರ ಗಾಲಿಮನೆ

ಕುಸಿದಿದ್ದು ಬರೀ ಎರಡು ಬೆರಳು. ಆದರೆ ಆ ಎರಡು ಬೆರಳು ಹಂಪಯ್ಯನ ಕುತ್ತಿಗೆಯನ್ನೇ ಹಿಡಿದಂತಿದ್ದವು.

ರಾಯಚೂರಿನ ಅವನ ವೆಲ್ಡಿಂಗ್ ಶೆಡ್ಡಿನಲ್ಲಿ ನಿವೃತ್ತ ಪೊಲೀಸ್ ಫೌಜದಾರ ಬೂದೆಪ್ಪನವರ ಹಳೆಯ ಪ್ರವಾಸದ ಟ್ರೇಲರ್ ಸರಪಳಿಗಳಿಗೆ ಜೋತುಬಿದ್ದಿತ್ತು: ಮಂಚ, ಒಲೆ, ಸರಳಿನ ಕಿಟಕಿಗಳುಳ್ಳ, ಕಾರಿನ ಹಿಂದೆ ಎಳೆದೊಯ್ಯುವ ತಗಡಿನ ಮನೆ. ಅದನ್ನು ಹೊರುವ ಕಬ್ಬಿಣದ ಚೌಕಟ್ಟಾದ ಚಾಸಿಯನ್ನು ತುಕ್ಕು ತಿಂದಿದ್ದರಿಂದ, ಹಂಪಯ್ಯ ಹಳೆಯದನ್ನೇ ಅಚ್ಚಾಗಿಸಿ ಅದರ ಮೇಲೆ ಹೊಸ ಕಬ್ಬಿಣವಿಟ್ಟು, ಅಳತೆ ತಪ್ಪದಂತೆ ಹೊಸ ಚಾಸಿ ಬೆಸೆದಿದ್ದ. ಅವನು ಬಾಡಿಗೆಗೆ ಹಿಡಿದ ಶೆಡ್ಡೂ ಫೌಜದಾರರದೇ. "ಕೆಲಸ ಸೊಟ್ಟಾದ್ರ ಶೆಡ್ಡು ಖಾಲಿ" ಎಂದು ಮೊದಲೇ ಹೇಳಿದ್ದರು. ದೇವದುರ್ಗದ ಠಾಣೆಯಲ್ಲಿದ್ದಾಗ ಅವರು ಒಮ್ಮೆ ಕೆಮ್ಮಿದರೆ ಸಾಕು, ಕಳ್ಳರು ಮಾಡದ ಕಳವನ್ನೂ ಒಪ್ಪಿಕೊಳ್ಳುತ್ತಿದ್ದರಂತೆ.

ಮುಂಜಾನೆ ಪಕ್ಕದ ಪಂಕ್ಚರ್ ಅಂಗಡಿಯ ಮೆಹಬೂಬ್ ಪಾಷಾ, ಯಾರೂ ಕೇಳದಿದ್ದರೂ, ಚಾಸಿಯ ಮೇಲೆ ದಾರ ಎಳೆದು ಒಂದು ಕಣ್ಣು ಮುಚ್ಚಿ ನೋಡಿದ.

"ಹಂಪಯ್ಯಾ, ನಡುವ ಎರಡು ಬೆರಳ ಕುಸದದ ನೋಡು."

"ಹಳೇದರ ಮ್ಯಾಲ ಇಟ್ಟ ಮಾಡೀನಿ. ಹೆಂಗ ಕುಸೀತದ?"

"ಹಳೇದೂ ಕುಸದಿತ್ತು. ಅದರ ರೋಗಾನೂ ಹೊಸದಕ್ಕ ಹಚ್ಚೀದಿ."

ಹಂಪಯ್ಯ ದಾರ ಕಸಿದು ತಾನೇ ಎಳೆದು ನೋಡಿದ; ನಡುವೆ ಎರಡು ಬೆರಳು ಸಲೀಸಾಗಿ ತೂರಿದವು. ಅಷ್ಟರಲ್ಲಿ ಫೋನು. "ಮಾನ್ವಿ ಬಿಟ್ಟೀನಿ, ಗಾಡಿ ನೋಡಾಕ ಬರ್ತೀನಿ" ಎಂದಿತು ಫೌಜದಾರರ ಧ್ವನಿ.

"ಮನಿ ಹಂಗ ಮ್ಯಾಲ ಕೂಡಿಸಿಬಿಡ್ರಿ, ಯಾರಿಗಿ ಕಾಣ್ತದ?" ಎಂದಳು ಬುತ್ತಿ ತಂದಿದ್ದ ಹೆಂಡತಿ ಗದ್ದೆಮ್ಮ.

"ನಿನಗ ಗೊತ್ತಿಲ್ಲ. ಎದಿ ಒಳಗ ಇದ್ದದ್ದೂ ಕಾಣ್ತದ ಅವರಿಗಿ."

ಹಂಪಯ್ಯ, ಪಾಷಾ ಸೇರಿ ಚಾಸಿಯನ್ನು ಕೆಂಪಗೆ ಕಾಯಿಸಿ ಜಾಕ್ ಕೊಟ್ಟು ಎತ್ತತೊಡಗಿದರು. "ನೀರಮಾನ್ವಿ ದಾಟೀನಿ" ಎಂದಿತು ಫೋನು. ಹಂಪಯ್ಯನ ಸುತ್ತಿಗೆ ಪಾಷಾನ ಪಾದದ ಮೇಲೆ ಬಿತ್ತು. "ಕಲ್ಲೂರು." ಈ ಸಲ ಜಾಕ್ ಜಾರಿತು. ಕೊನೆಗೂ ದಾರ ಉದ್ದಕ್ಕೂ ಕಬ್ಬಿಣವನ್ನು ಮುಟ್ಟಿತು. ತಗಡಿನ ಮನೆಯನ್ನು ಇಳಿಸಿದಾಗ ಅದು ಮುದುಕನ ಮೊಣಕಾಲಿನಂತೆ ಲಟಲಟ ಎಂದಿತು. ಕೊನೆಯ ಬೋಲ್ಟು ಬಿಗಿಯುವಾಗ ಬೆನ್ನ ಹಿಂದೆ ಬೂಟಿನ ಸದ್ದು.

ಬೂದೆಪ್ಪನವರು ತಾವೂ ದಾರ ಎಳೆದು ನೋಡಿದರು. "ನೆಟ್ಟಗದ."

ಹಂಪಯ್ಯನಿಗೆ ಹೋದ ಜೀವ ಬಂತು.

"ಬಾ, ಒಳಗ ಕುಂತು ನೋಡೂನು." ಅವನನ್ನು ಒಳಗೆಳೆದು, ಬಿಗಿಯಾಗಿದ್ದ ಬಾಗಿಲನ್ನು ಭುಜಕೊಟ್ಟು ಢಬ್ಬನೆ ಮುಚ್ಚಿದರು. ಮತ್ತೆ ಅದು ತೆರೆಯಲಿಲ್ಲ. ಒದ್ದರೂ ಅಲುಗಲಿಲ್ಲ.

ಹೊರಗಿನಿಂದ ಕುಂಟುತ್ತ ಸುತ್ತಿ ನೋಡಿದ ಪಾಷಾ ಹೇಳಿದ: "ಸಾಹೇಬ್ರ, ಇಷ್ಟು ವರ್ಷ ಸೊಟ್ಟ ಚಾಸಿ ಮ್ಯಾಲ ಕುಂತು ಮನೀನೂ ಸೊಟ್ಟಾಗಿತ್ತರಿ. ಈಗ ಚಾಸಿ ನೆಟ್ಟಗಾತು, ಬಾಗಿಲು ಕಚ್ಚಿಕೊಂಡದ. ಚಾಸಿ ಮುಂಜಾನಿ ಇದ್ದಂಗ ಬಗ್ಗಿಸಿದ್ರ ತೆರೀತದ."

"ಮತ್ತ ಬಗ್ಗಿಸು."

"ನನಗ ಟ್ಯೂಬು ಬಿಟ್ರ ಏನೂ ಬರಂಗಿಲ್ಲರಿ. ಬಗ್ಗಿಸಾಂವ ನಿಮ್ಮ ಬಾಜೂಕ ಕುಂತಾನ."

ಗದ್ದೆಮ್ಮ ಬುತ್ತಿ ಬಿಚ್ಚಿ ರೊಟ್ಟಿಗಳನ್ನು ಒಂದೊಂದಾಗಿ ಕಿಟಕಿಯ ಸರಳುಗಳ ನಡುವೆ ತೂರಿಸಿದಳು.

"ಮುಂಜಾನಿ ಇದ್ದಂಗ ಅಂದ್ರ?" ಎನ್ನುತ್ತ ಫೌಜದಾರರು ಮಂಚದ ಮೇಲೆ ಕಾಲು ಚಾಚಿ ಕುಳಿತರು. ಹಂಪಯ್ಯನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಮೆಲ್ಲಗೆ ಕೆಮ್ಮಿದರು.