ಇಪ್ಪತ್ತೈದರಲ್ಲಿ ಏಳನೇ ಎಮ್ಮೆ

ಒಂಟಿಯಾಗಿರುವವನ ಮನೆಗೆ ಜನ ಬರುವುದೇ ಕಡಿಮೆ. ಬಂದವರಿಗೂ ಮಾತಾಡಲು ಏನೂ ಸಿಗುವುದಿಲ್ಲ, ಗೋಡೆ ನೋಡುತ್ತಾರೆ. ನನ್ನ ಗೋಡೆಯ ಮೇಲೆ ಚಿತ್ರಗಳಿವೆ. ಹಾಗಾಗಿ ವರ್ಷಕ್ಕೊಂದಾದರೂ ಈಗ ಹೇಳುವಂಥದ್ದು ನಡೆದೇ ನಡೆಯುತ್ತದೆ.

ನಾನು ಶಿಕಾರಿಪುರದ ಒಂದು ಕಚೇರಿಯಲ್ಲಿ ರೆಕಾರ್ಡು ರೂಮಿನ ಗುಮಾಸ್ತ. ಹಳೇ ಪಹಣಿ, ನಕಾಶೆಗಳ ನಕಲು ತೆಗೆದುಕೊಡುವುದು ಕೆಲಸ. ವಯಸ್ಸು ಐವತ್ತಮೂರು. ಮದುವೆಯಾಗಲಿಲ್ಲ. ಮಹಡಿಯ ಮೇಲೆ ಎರಡು ಕೋಣೆಯ ಬಾಡಿಗೆ ಮನೆ. ಕೇಳಿದವರಿಗೆಲ್ಲ ಕೇಳಿದಷ್ಟು ನಕಲು ಕೊಟ್ಟು ಕೊಟ್ಟು ಬೇಸರವಾಗಿತ್ತೋ ಏನೋ, ಎಣಿಸಿ ಇಷ್ಟೇ ಪ್ರತಿ ಎಂದು ಅಚ್ಚು ಹಾಕುವ ಚಿತ್ರಗಳ ಹುಚ್ಚು ಹತ್ತಿತು.

ಸರ್ವೆ ನಂಬರ್ ಏಳು

ಮೂರು ವರ್ಷದ ಹಿಂದೆ ಶಿವಮೊಗ್ಗದಲ್ಲೊಂದು ಪ್ರದರ್ಶನಕ್ಕೆ ಹೋಗಿದ್ದೆ. ಕಲಾವಿದೆಯೊಬ್ಬರು ಮರದ ಹಲಗೆಯಲ್ಲಿ ಎಮ್ಮೆಯ ಚಿತ್ರ ಕೆತ್ತಿ, ಅದಕ್ಕೆ ಮಸಿ ಹಚ್ಚಿ, ಕಾಗದ ಇಟ್ಟು ಕೈಯಿಂದಲೇ ಒತ್ತಿ ತೆಗೆದಿದ್ದರು. ಒಟ್ಟು ಇಪ್ಪತ್ತೈದು ಪ್ರತಿ. ಇಪ್ಪತ್ತೈದಾದ ಮೇಲೆ ಹಲಗೆಯ ಮೇಲೆ ಅಡ್ಡಗೀರು ಹಾಕಿಬಿಟ್ಟರಂತೆ, ಇನ್ನೊಂದು ಬರಬಾರದು ಅಂತ. ಕೆರೆಯ ಅಂಚಿನಲ್ಲಿ ಒಂದೇ ಒಂದು ಎಮ್ಮೆ ನಿಂತು ಹಿಂದಕ್ಕೆ ತಿರುಗಿ ನೋಡುತ್ತಿದೆ. ನೋಡಿದ ಕೂಡಲೇ ಬಿಟ್ಟುಬರಲು ಮನಸ್ಸಾಗಲಿಲ್ಲ. ಏಳನೆಯ ಪ್ರತಿ ಕೊಂಡುತಂದೆ. ಕೆಳಗೆ ಪೆನ್ಸಿಲ್‌ನಲ್ಲಿ ೭/೨೫ ಎಂದು ಬರೆದು ಅವರು ಸಹಿ ಮಾಡಿದ್ದರು.

ನಮ್ಮ ಕಚೇರಿಗೆ ಬರುವ ಸರ್ವೆಯರ್ ಒಬ್ಬರು ಒಂದು ದಿನ ಮನೆಗೆ ಬಂದರು. ಕನ್ನಡಕ ಏರಿಸಿ ಚಿತ್ರದ ಕೆಳಗಿನ ೭/೨೫ ಅನ್ನು ಪಹಣಿಯಂತೆ ಓದಿದರು.

"ಸರ್ವೆ ನಂಬರ್ ಏಳು, ಹಿಸ್ಸಾ ಇಪ್ಪತ್ತೈದು. ಯಾವೂರ್ದು ರೀ ಇದು, ಬಂದಳಿಕೆ ಕಡೆದಾ?"

ನಾನು ಇಪ್ಪತ್ತೈದು ಪ್ರತಿಯ ಕತೆ ಹೇಳಿದೆ.

"ಹಂಗಾರೆ ಇದು ಅಸಲೋ, ನಕಲೋ?"

"ಅಸಲು. ಇಪ್ಪತ್ತೈದೂ ಅಸಲೇ."

ಅವರು ಬಾಗಿಲ ಕಡೆ ಒಮ್ಮೆ ನೋಡಿದರು. ಆಮೇಲೆ ದನಿ ತಗ್ಗಿಸಿ ಹೇಳಿದರು: "ಒಂದೇ ಆಸ್ತೀನ ಇಪ್ಪತ್ತೈದು ಜನಕ್ಕೆ ಮಾರ್ಯಾರೆ. ನಿಮ್ಮ ಹೆಸರು ಎಲ್ಲೂ ಬರದಂಗೆ ನೋಡ್ಕಳ್ರಿ."

ಕ್ಲೀನು

ಸರ್ವೆಯರ್ ಬಂದುಹೋದ ಸ್ವಲ್ಪ ದಿನಕ್ಕೆ ಫ್ರೇಮು ಸಡಿಲವಾಯಿತು. ದೇವರ ಪಟ, ಮದುವೆ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಗೆ ಒಯ್ದು ಕೊಟ್ಟೆ. ಅಂಗಡಿಯವರು ನನಗಿಂತ ಹಿರಿಯರು, ಕೆಲಸದಲ್ಲಿ ಬಹಳ ಶಿಸ್ತು. ಎರಡು ದಿನ ಬಿಟ್ಟು ಹೋದಾಗ ಗಾಜು ಫಳಫಳ ಹೊಳೆಯುತ್ತಿತ್ತು. ಆದರೆ ಚಿತ್ರದ ಕೆಳಗೆ ಸಂಖ್ಯೆಯೂ ಇಲ್ಲ, ಸಹಿಯೂ ಇಲ್ಲ.

ಗಾಜಿನ ಮೇಲೆ ಬೆರಳಿಟ್ಟು ಕೇಳಿದೆ: "ಇಲ್ಲಿ ಬರೆದಿತ್ತಲ್ಲ?"

"ಅದನ್ನೇ ಹೇಳ್ಬೇಕಂತಿದ್ದೆ," ಅಂದರು ಅವರು. "ಯಾರೋ ಪೆನ್ಸಿಲ್‌ನಾಗೆ ಗೀಚಿದ್ರು. ರಬ್ಬರ್ ಹಾಕಿ ನಿಧಾನಕ್ಕೆ ಉಜ್ಜಿ ತೆಗೆದೀನಿ. ಮನೇಲಿ ಚಿಕ್ಕ ಮಕ್ಕಳಿದ್ರೆ ಹಿಂಗೇ ಸಾರ್."

ಮನೆಯಲ್ಲಿ ಯಾರೂ ಇಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. "ಹೌದು, ಬಾಳ ತುಂಟರು" ಅಂದುಬಿಟ್ಟೆ.

ಮೇವು ಬಿಟ್ಟ ಎಮ್ಮೆ

ಚಿತ್ರ ಹೊತ್ತುಕೊಂಡು ಶಿವಮೊಗ್ಗಕ್ಕೆ ಹೋದೆ. ಕಲಾವಿದೆ ನಕ್ಕು ಮತ್ತೆ ಸಂಖ್ಯೆ ಬರೆದು ಸಹಿ ಹಾಕಿದರು. ಯಾವ ಪ್ರತಿ ಯಾರಿಗೆ ಹೋಯಿತು ಎಂಬ ಪುಸ್ತಕ ಅವರ ಹತ್ತಿರ ಇತ್ತು. "ಎಂಟನೇದು ನಿಮ್ಮ ಪಕ್ಕದಲ್ಲೇ ಇದೆ, ಸೊರಬದಲ್ಲಿ," ಅಂದರು. ಅಲ್ಲಿಂದಲೇ ಫೋನ್ ಮಾಡಿ, ನಾನು ಬರಬಹುದೇ ಎಂದು ಅದನ್ನು ಕೊಂಡವರನ್ನು ಕೇಳಿದರು. ಆ ಕಡೆಯವರು "ಕಳಿಸಿ, ಕಳಿಸಿ" ಅಂದದ್ದು ನನಗೂ ಕೇಳಿಸಿತು.

ನನ್ನ ಚಿತ್ರವನ್ನೇ ಇನ್ನೊಬ್ಬರು ದಿನಾ ನೋಡುತ್ತಾರೆ ಅನ್ನುವುದೇ ದೊಡ್ಡ ಸಮಾಧಾನ. ಮುಂದಿನ ಭಾನುವಾರ ಚಿತ್ರಕ್ಕೆ ಬೆಡ್‌ಶೀಟು ಸುತ್ತಿ ಸೊರಬದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಪ್ಪು ಬಿಳುಪಿನ ಬಗ್ಗೆ, ಕೆತ್ತನೆಯ ಬಗ್ಗೆ ಏನೇನು ಮಾತಾಡಬೇಕು ಅಂತ ಮನಸ್ಸಿನಲ್ಲೇ ಜೋಡಿಸಿಕೊಂಡೆ.

ಎಂಟನೇ ಪ್ರತಿಯವರು ಪಶು ಆಸ್ಪತ್ರೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದು ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು. ತಾವೇ ಅನ್ನ ಸಾರು ಮಾಡಿ ಬಡಿಸಿದರು. ಊಟವಾದ ಮೇಲೆ ಎರಡೂ ಚಿತ್ರಗಳನ್ನು ಗೋಡೆಗೆ ಒರಗಿಸಿ ಅಕ್ಕಪಕ್ಕ ಇಟ್ಟೆವು. ಅವರು ನೆಲದ ಮೇಲೆ ಕೂತು ಬಹಳ ಹೊತ್ತು ನೋಡಿದರು. ಚಿತ್ರ ತಿಳಿದವರು ಒಬ್ಬರಾದರೂ ಸಿಕ್ಕರಲ್ಲ ಎಂದು ನಾನೂ ಪಕ್ಕದಲ್ಲಿ ಕೂತೆ.

"ನಿಮ್ಮ ಎಮ್ಮೆ ಸೊರಗಿದೆ ಮಾರಾಯ್ರೆ," ಅಂದರು.

ನಿಜ, ನನ್ನ ಪ್ರತಿಯಲ್ಲಿ ಪಕ್ಕೆಯ ಹತ್ತಿರ ಮಸಿ ತೆಳುವಾಗಿ ಎಲುಬು ಎದ್ದು ಕಾಣುತ್ತಿತ್ತು. ಕೈಯಿಂದ ಒತ್ತಿದ್ದು, ಒಂದರಂತೆ ಒಂದು ಬರುವುದಿಲ್ಲ ಎಂದು ವಿವರಿಸಿದೆ. ಅವರು ಕೇಳಿಸಿಕೊಳ್ಳಲೇ ಇಲ್ಲ.

"ಎಷ್ಟು ದಿನದಿಂದ ಹೀಗೆ?"

ಎಮ್ಮೆಯ ಬಗ್ಗೆ ಕೇಳಿದರೋ ನನ್ನ ಬಗ್ಗೆ ಕೇಳಿದರೋ ತಿಳಿಯಲಿಲ್ಲ. "ಬಂದಾಗಿನಿಂದ ಹೀಗೇ" ಅಂದೆ.

ಅವರು ತಲೆಯಾಡಿಸಿದರು. "ಒಂಟಿ ಕಟ್ಟಿದೀರಲ್ಲ, ಅದಕ್ಕೇ ಮೇವು ಬಿಟ್ಟಿದೆ."

ಅರ್ಧ ಲೀಟರ್

ಅಂದಿನಿಂದ ಪ್ರತಿ ಭಾನುವಾರ ಸೊರಬದಿಂದ ಅವರ ಫೋನು. ಮೊದಲ ಪ್ರಶ್ನೆ ಎಮ್ಮೆಯದೇ. ಒಳಗೆ ಸಿಗ್ನಲ್ ಸಿಗುವುದಿಲ್ಲವೆಂದು ನಾನು ಬಾಲ್ಕನಿಗೆ ಬಂದು ನಿಲ್ಲುತ್ತೇನೆ. ಅವರಿಗೆ ಕಿವಿ ಮಂದ, ಆದ್ದರಿಂದ ಗಟ್ಟಿಯಾಗಿಯೇ ಹೇಳಬೇಕು. "ಎಮ್ಮೆ ಈಗ ಪರವಾಗಿಲ್ಲ ಸಾರ್. ಜಾಗ ಬದಲಾಯಿಸಿದೆ. ಕಿಟಕಿ ಹತ್ರ ಗಾಳಿ ಬೆಳಕು ಚೆನ್ನಾಗಿದೆ. ಮೈ ತುಂಬಿಕೊಂಡಂಗೆ ಕಾಣುತ್ತೆ."

ಎದುರುಮನೆಯಲ್ಲಿ ನನ್ನ ವಯಸ್ಸಿನವರೇ ಒಬ್ಬರು ಹೆಂಗಸು ಒಬ್ಬರೇ ಇದ್ದಾರೆ. ನಾಲ್ಕು ವರ್ಷದಲ್ಲಿ ಒಂದು ಮಾತೂ ಆಡಿದವರಲ್ಲ. ಮೊನ್ನೆ ಭಾನುವಾರ ಸಂಜೆ ಬಾಗಿಲು ಬಡಿದ ಸದ್ದಾಯಿತು. ನೋಡಿದರೆ ಅವರೇ, ಕೈಯಲ್ಲಿ ಸ್ಟೀಲ್ ಕ್ಯಾನು.

"ಎಮ್ಮೆ ಕಟ್ಟೀರಂತಲ್ರೀ. ದಿನಾ ಅರ್ಧ ಲೀಟರ್ ಹಾಲು ಹಾಕ್ತೀರೇನು?"

ಒಳಗೆ ಕರೆದು ಗೋಡೆ ತೋರಿಸಿದೆ. ಅವರು ಎಮ್ಮೆಯನ್ನು ಮೇಲಿನಿಂದ ಕೆಳಗಿನವರೆಗೂ ನೋಡಿದರು.

"ಇದೇ ಏನು?"

"ಇದೇ ರೀ."

"ಮೊದ್ಲೇ ಹೇಳಬಾರದಾ? ನಾನು ಟೀಗೆ ನೀರಿಟ್ಟು ಬಂದೀನಿ."

ಮನೆಯಲ್ಲಿ ಪ್ಯಾಕೆಟ್ ಹಾಲಿತ್ತು. ಅವರ ಕ್ಯಾನಿಗೆ ಅಷ್ಟನ್ನೂ ಸುರಿದೆ. ಅವರು ಇನ್ನೊಮ್ಮೆ ಎಮ್ಮೆಯನ್ನು ನೋಡಿ, ಸರಸರ ಮೆಟ್ಟಿಲಿಳಿದು ಹೋದರು. ಬೇಜಾರು ಮಾಡಿಕೊಂಡರೋ ಏನೋ ಎಂದು ನಾನು ಎಷ್ಟೋ ಹೊತ್ತು ಬಾಗಿಲಲ್ಲೇ ನಿಂತಿದ್ದೆ.

ಮರುದಿನ ಬೆಳಿಗ್ಗೆ ಕಚೇರಿಗೆ ಹೊರಟಾಗ ಅವರು ಮನೆ ಮುಂದೆ ರಂಗೋಲಿ ಹಾಕುತ್ತಿದ್ದರು. ತಲೆ ತಗ್ಗಿಸಿ ದಾಟುತ್ತಿದ್ದವನನ್ನು ಕೂಗಿ ನಿಲ್ಲಿಸಿದರು. ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ.

"ರೀ, ನಿಮ್ಮ ಎಮ್ಮೆ ಹಾಲು ಬಾಳ ತೆಳುವು."