ಬೀಗದಣ್ಣನ ಪಿಕಪ್ ಕುಪ್ಪಳಿಸಿದ್ದು

“ಇನ್ನು ಮೇಲೆ ನಾನು ಗಾಜು ಕೆರೆಯೋದಿಲ್ಲ,” ಎಂದು ಬೀಗದಣ್ಣ ತಿಂಡಿಯ ಮೇಜಿನ ಮುಂದೆ ಎದ್ದು ನಿಂತು ಪ್ರತಿಜ್ಞೆ ಮಾಡಿದ. ಕೂತೇ ಮಾಡಬಹುದಾಗಿತ್ತು. ಆದರೆ ಕೂತು ಮಾಡಿದ ಪ್ರತಿಜ್ಞೆಗೆ ತೂಕ ಸಾಲದು ಎಂಬುದು ಅವನ ನಂಬಿಕೆ.

ಬೀಗ ರಿಪೇರಿ ಅವನ ಕಸುಬು. ಆದ್ದರಿಂದಲೇ ಬೀದಿಯವರ ಬಾಯಲ್ಲಿ ಅವನು ಬೀಗದಣ್ಣ. ಸಿಕ್ಕಿಕೊಂಡ ಬಾಗಿಲಿಗೆ ಕಿವಿಯಿಟ್ಟು, ಒಳಗಿನ ಸ್ಪ್ರಿಂಗಿಗೆ ಎಲ್ಲಿ ನೋವು ಎಂದು ಹೇಳಬಲ್ಲ ಧನ್ವಂತರಿ ಅವನು. ಆದರೆ ಚಳಿಗಾಲ ಬಂತೆಂದರೆ ಈ ಧನ್ವಂತರಿ ದಿನವೂ ಬೆಳಿಗ್ಗೆ ಡಬ್ಬಿಯ ಮುಚ್ಚಳ ಹಿಡಿದು, ಪಿಕಪ್ಪಿನ ಮುಂದಿನ ಗಾಜಿನ ಮೇಲೆ ಹೆಪ್ಪುಗಟ್ಟಿದ ಮಂಜನ್ನು ಕಾಲು ಗಂಟೆ ಕೆರೆಯಬೇಕು. ಕೆರೆದು ಮುಗಿಸುವ ಹೊತ್ತಿಗೆ ಬೆರಳುಗಳು ಮರಗಟ್ಟಿ, ಮೊದಲ ಗಿರಾಕಿಯ ಮನೆಯಲ್ಲಿ ಸ್ಕ್ರೂ ಕೈಯಲ್ಲಿ ನಿಲ್ಲುತ್ತಿರಲಿಲ್ಲ.

“ರಿಮೋಟ್ ಸ್ಟಾರ್ಟ್ ಹಾಕಿಸ್ತೀನಿ. ಒಳಗಿಂದ ಗುಂಡಿ ಒತ್ತಿದ್ರೆ ಹೊರಗೆ ಇಂಜಿನ್ ಸ್ಟಾರ್ಟ್ ಆಗತ್ತೆ. ಬಿಸಿ ಗಾಳಿ ಬೀಸತ್ತೆ. ನಾನು ಹೋಗೋ ಹೊತ್ತಿಗೆ ಗಾಜು ಕನ್ನಡಿ ಥರ ಇರತ್ತೆ.”

“ನನ್ನ ಗಾಜು?” ಎಂದಳು ಹೆಂಡತಿ.

ಅವಳ ಗಾಜಿನ ಬಗ್ಗೆ ಹೇಳಲೇಬೇಕು. ಅಂಗಳದಲ್ಲಿ ಅವಳು ಸಸಿ ಬೆಳೆಸುವ ಗಾಜಿನ ಮನೆಯಿತ್ತು. ಕೆಡವಿದ ಮನೆಗಳ ಹಳೆಯ ಕಿಟಕಿಗಳನ್ನು ಒಂದೊಂದಾಗಿ ತಂದು, ಎರಡು ವರ್ಷ ಕೂತು ಅವಳೇ ಜೋಡಿಸಿದ್ದು. ಒಂದು ಕಿಟಕಿಯಂತೆ ಇನ್ನೊಂದಿಲ್ಲ. ಪಿಕಪ್ ನಿಲ್ಲುತ್ತಿದ್ದದ್ದು ಸರಿಯಾಗಿ ಅದರ ಎದುರಿಗೆ, ಮೂತಿಯಿಂದ ಗಾಜಿಗೆ ನಾಲ್ಕು ಮೊಳ ದೂರದಲ್ಲಿ. ಬೆಳಗಿನ ಹೊತ್ತು ಒಳಗೆ ಅವಳ ತಾಯಿ, ಎಂದರೆ ನಮ್ಮ ಬೀಗದಣ್ಣನ ಅತ್ತೆ, ಸಸಿಗಳಿಗೆ ನೀರು ಹಾಕುತ್ತಿದ್ದರು. ಕಿವಿ ಸ್ವಲ್ಪ ಮಂದವಾದ್ದರಿಂದ ರೇಡಿಯೋವನ್ನು ಬೀದಿಗೆಲ್ಲ ಕೇಳುವಂತೆ ಹಚ್ಚಿಕೊಂಡಿರುತ್ತಿದ್ದರು.

“ನಿನ್ನ ಗಾಜಿಗೇನೇ ಆಗತ್ತೆ? ಇದು ಯಂತ್ರ. ನನಗೆ ಯಂತ್ರ ಗೊತ್ತು,” ಎಂದ ಬೀಗದಣ್ಣ.

ಆಯ್ಕೆಯ ಮಹಾಯಾಗ ಮೂರು ವಾರ ನಡೆಯಿತು. ಮೆಕ್ಯಾನಿಕ್ ಮೂರು ಬಗೆಯ ಯಂತ್ರಗಳ ಕೈಪಿಡಿಗಳನ್ನು ಕೊಟ್ಟು ಕಳಿಸಿದ್ದ. ಬೀಗದಣ್ಣ ಅವನ್ನು ಊಟದ ಮುಂಚೆ ಒಮ್ಮೆ, ಊಟದ ನಂತರ ಒಮ್ಮೆ ಪಾರಾಯಣ ಮಾಡಿದ. ಮೊದಲನೆಯದು ನೂರು ಹೆಜ್ಜೆಯೊಳಗೆ ಕೆಲಸ ಮಾಡುವಂಥದ್ದು. ಎರಡನೆಯದು ಬೀದಿಯ ಆ ತುದಿಯಿಂದಲೂ ಮಾಡುತ್ತದೆ, ಮೇಲಾಗಿ ಕೆಲಸ ಆಯಿತೋ ಇಲ್ಲವೋ ಎಂದು ಕೈಯಲ್ಲಿರುವ ರಿಮೋಟೇ ಕೂಗಿ ಹೇಳುತ್ತದೆ. ಮೂರನೆಯದು ಮೊಬೈಲಿನದು, ಪ್ರಪಂಚದ ಯಾವ ಮೂಲೆಯಿಂದ ಬೇಕಾದರೂ ಇಂಜಿನ್ ಶುರು ಮಾಡಬಹುದು.

“ಪ್ರಪಂಚದ ಮೂಲೇಲಿ ಕೂತು ನಮ್ಮ ಅಂಗಳದ ಗಾಡಿ ಸ್ಟಾರ್ಟ್ ಮಾಡಿ ಏನ್ರೀ ಮಾಡ್ತೀರಿ? ಹತ್ತೋರು ಯಾರು?”

ಹೆಂಡತಿಯ ಈ ಪ್ರಶ್ನೆಗೆ ಕೈಪಿಡಿಯಲ್ಲಿ ಉತ್ತರವಿರಲಿಲ್ಲ. ಮೂರನೆಯದು ಬಿದ್ದುಹೋಯಿತು.

“ಮೊದಲನೇದು ಸಾಕಲ್ವಾ? ಅಡುಗೆಮನೆಯಿಂದ ಗಾಡಿಗೆ ಹದಿನೆಂಟು ಹೆಜ್ಜೆ.”

“ನೋಡೇ, ಸಾಮರ್ಥ್ಯ ಅನ್ನೋದು ಕೈಯಲ್ಲಿರಬೇಕು. ಬಳಸೋದು ಬಿಡೋದು ಆಮೇಲೆ. ಎರಡನೇದರಲ್ಲಿ ಇನ್ನೊಂದು ವಿಶೇಷ ಇದೆ. ಒಂದು ಸಲಕ್ಕೆ ಇಂಜಿನ್ ಹತ್ತಲಿಲ್ಲ ಅಂದ್ರೆ ಅದು ಬಿಡೋದಿಲ್ಲ. ಮೂರು ಸಲ ಪ್ರಯತ್ನಿಸತ್ತೆ. ಸೋಲೊಪ್ಪೋ ಜಾತಿ ಅಲ್ಲ ಅದು.”

“ನಮ್ಮನೇಲಿ ಅಂಥದ್ದು ಒಂದು ಇದೆಯಲ್ಲ, ಇನ್ನೊಂದು ಯಾಕೆ?” ಎಂದು ಹೆಂಡತಿ ತಟ್ಟೆ ಎತ್ತಿಕೊಂಡು ಹೋದಳು. ಬೀಗದಣ್ಣ ಅದನ್ನು ಹೊಗಳಿಕೆ ಎಂದೇ ಲೆಕ್ಕ ಹಿಡಿದ.

ಯಂತ್ರ ಕೂರಿಸುವ ಮುಂಚೆ ಮೆಕ್ಯಾನಿಕ್ ಒಂದೇ ಮಾತನ್ನು ನಾಲ್ಕು ಸಲ ಹೇಳಿದ. ಅವನು ನಿಧಾನದ ಮನುಷ್ಯ, ಪ್ರತಿ ಮಾತಿಗೂ ಮುಂಚೆ ಕೈ ಒರೆಸಿಕೊಳ್ಳುತ್ತಿದ್ದ.

“ಸಾರ್, ನಿಮ್ಮದು ಕೈಯಲ್ಲಿ ಗೇರ್ ಹಾಕೋ ಗಾಡಿ. ಗೇರಲ್ಲಿ ನಿಂತಿರುವಾಗ ಗುಂಡಿ ಒತ್ತಿದ್ರೆ ಗಾಡಿ ಮುಂದಕ್ಕೆ ಹಾರತ್ತೆ. ನಿಲ್ಲಿಸೋವಾಗ ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಎಳೀಬೇಕು. ನಿಮ್ಮ ಹ್ಯಾಂಡ್ ಬ್ರೇಕ್ ಹೆಸರಿಗಷ್ಟೇ ಇತ್ತು, ಬಿಗಿ ಮಾಡಿದೀನಿ. ಆಮೇಲೆ ಇಂಜಿನ್ ಓಡ್ತಿರುವಾಗಲೇ ಕೀ ತೆಗೆದು, ಇಳಿದು, ಬಾಗಿಲು ಹಾಕಿ ಗುಂಡಿ ಒತ್ತಿ. ಆಗ ಇಂಜಿನ್ ನಿಲ್ಲತ್ತೆ. ಇಷ್ಟಾದ ಮೇಲೆ ಯಾರಾದ್ರೂ ಬಾಗಿಲು ತೆಗೆದ್ರೆ, ಗೇರ್ ಮುಟ್ಟಿರಬಹುದು ಅಂತ ಯಂತ್ರಕ್ಕೆ ಅನುಮಾನ ಬರತ್ತೆ. ಸ್ಟಾರ್ಟ್ ಆಗೋದೇ ಇಲ್ಲ.”

“ಭಲೇ,” ಎಂದ ಬೀಗದಣ್ಣ. ಅನುಮಾನ ಪಡುವ ಯಂತ್ರ ಎಂದರೆ ಬೀಗದವನಿಗೆ ಅಚ್ಚುಮೆಚ್ಚು.

“ಗಾಡಿಯ ಆ ಕಿಟಕಿ ಗಾಜು ಮೇಲೆ ಬರಲ್ವಾ ಸಾರ್?”

“ಅರ್ಧಕ್ಕೆ ನಿಂತು ಆರು ವರ್ಷ ಆಯ್ತು.”

“ಅಲ್ಲಿಂದ ಯಾರಾದ್ರೂ ಕೈ ಹಾಕಿ ಗೇರ್ ಮುಟ್ಟಿದ್ರೆ ಯಂತ್ರಕ್ಕೆ ಗೊತ್ತಾಗಲ್ಲ.”

ಬೀಗದಣ್ಣ ನಕ್ಕ. “ನಮ್ಮನೇಲಿ ನನ್ನ ಗಾಡಿ ಗೇರಿನ ತಂಟೆಗೆ ಯಾರೂ ಬರೋದಿಲ್ಲ ಕಣಯ್ಯಾ. ಹದಿನೆಂಟು ವರ್ಷದಿಂದ ನ್ಯೂಟ್ರಲ್ಲಲ್ಲಿ ನಿಲ್ಲಿಸ್ತೀನಿ. ಬೆಳಿಗ್ಗೆ ಬಂದು ನೋಡಿದ್ರೆ ಗಾಡಿ ಇಟ್ಟಲ್ಲೇ ಇರತ್ತೆ. ಹತ್ತುವಾಗ ಗೇರಲ್ಲಿ ಇದ್ದ ಹಾಗೆ ಅನ್ನಿಸೋದೂ ಇದೆ, ಅದು ನಾನೇ ಮರೆತು ಹಾಕಿರ್ತೀನಿ.”

ಮೆಕ್ಯಾನಿಕ್ ಮತ್ತೊಮ್ಮೆ ಕೈ ಒರೆಸಿಕೊಂಡ. ಯಂತ್ರ ಕೂರಿಸಲು ಶುರುಮಾಡಿದ.

ಆ ಸಂಜೆ ಅಂಗಳದಲ್ಲಿ ಪ್ರದರ್ಶನ ಏರ್ಪಟ್ಟಿತು. ಬೀಗದಣ್ಣ ಪಿಕಪ್ ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು, ಕೀಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ಇಳಿದ. ಚಾಲಕನಿಲ್ಲದೆ, ಕೀಯಿಲ್ಲದೆ ಇಂಜಿನ್ ಗುರುಗುಟ್ಟುತ್ತಲೇ ಇತ್ತು. ಬಾಗಿಲು ಹಾಕಿ ಗುಂಡಿ ಒತ್ತಿದೊಡನೆ ಗಪ್ಪನೆ ನಿಂತಿತು. ಅತ್ತೆ ಚಪ್ಪಾಳೆ ತಟ್ಟಿದರು. ಹೆಂಡತಿ ಒಳಗೆ ಹಾಲು ಉಕ್ಕುತ್ತದೆಂದು ಹೋದಳು. ಎರಡನೆಯ ಕೈಪಿಡಿಯ ಹನ್ನೆರಡು ಪುಟಗಳನ್ನೂ ಅವಳಿಗೆ ಓದಿ ಹೇಳಿದ್ದ ಬೀಗದಣ್ಣ, ಹ್ಯಾಂಡ್ ಬ್ರೇಕ್ ಬಿಗಿ ಮಾಡಿಸಿದ ಸಂಗತಿಯನ್ನು ಹೇಳಲಿಲ್ಲ. ಅದು ಕೈಪಿಡಿಯಲ್ಲಿ ಇರಲಿಲ್ಲವಲ್ಲ.

ಮರುದಿನ ಬೆಳಿಗ್ಗೆ ಒಳ್ಳೆಯ ಚಳಿ. ಗಾಜಿನ ಮೇಲೆ ಮಂಜು ದಪ್ಪಗೆ ಕೂತಿತ್ತು. ಅಡುಗೆಮನೆಯಿಂದಲೇ ಗುಂಡಿ ಒತ್ತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ ಎನ್ನಲಾಗದು, ಆದರೆ ಓಡುವ ದೂರ ಕಡಿಮೆಯಾಗುತ್ತಿತ್ತು. ಬೀಗದಣ್ಣನಿಗೆ ಸಾಮರ್ಥ್ಯದ ಪ್ರಶ್ನೆ. ರಿಮೋಟನ್ನು ಜೇಬಿಗಿಳಿಸಿ, ಬೀದಿಯ ತುದಿಯಲ್ಲಿದ್ದ ಟೈಲರ್ ಗೆಳೆಯನ ಅಂಗಡಿಗೆ ನಡೆದೇ ಹೋದ. ಅಲ್ಲಿಂದ ಅವನ ಅಂಗಳ ನೇರವಾಗಿ ಕಾಣುತ್ತದೆ.

“ನೋಡು, ಇಲ್ಲಿಂದ ನನ್ನ ಗಾಡಿ ಸ್ಟಾರ್ಟ್ ಮಾಡ್ತೀನಿ.”

ಟೈಲರ್ ಕತ್ತರಿ ಕೆಳಗಿಟ್ಟ. “ಇಲ್ಲಿಂದಾನಾ? ಬಿಡೋ.”

ಬೀಗದಣ್ಣ ಕೈ ಚಾಚಿ, ದೇಶಕ್ಕೆ ಸ್ವಾತಂತ್ರ್ಯ ಘೋಷಿಸುವವನ ಗತ್ತಿನಲ್ಲಿ ಗುಂಡಿ ಒತ್ತಿದ. ರಿಮೋಟ್ ಕುಯ್ ಎಂದಿತು. ದೂರದಲ್ಲಿ ಪಿಕಪ್ ಒಮ್ಮೆ ಮೈ ಕೊಡವಿ, ಮುಂದಕ್ಕೆ ಕುಪ್ಪಳಿಸಿ ನಿಂತಿತು.

“ಅರೆ, ಕಪ್ಪೆ ಥರ ಹಾರ್ತು,” ಎಂದು ಟೈಲರ್ ಮೆಚ್ಚಿದ. “ಹಾಗೇನಾ ಅದು ಸ್ಟಾರ್ಟ್ ಆಗೋದು?”

ಗಾಡಿ ಗೇರಿನಲ್ಲಿದೆ ಎಂದು ಬೀಗದಣ್ಣನಿಗೆ ಹೊಳೆದಿತ್ತು. ಹೇಗೆ ಎಂದು ಯೋಚಿಸುವಷ್ಟರಲ್ಲಿ ಇನ್ನೊಂದು ಹೊಳೆಯಿತು. ಈ ಯಂತ್ರ ಮೂರು ಸಲ ಪ್ರಯತ್ನಿಸುತ್ತದೆ.

ಗಾಡಿ ಎರಡನೆಯ ಸಲ ಕುಪ್ಪಳಿಸಿತು. ಬೀದಿಯುದ್ದಕ್ಕೂ ಅತ್ತೆಯ ರೇಡಿಯೋ ಜೋರಾಗಿ ಹಾಡುತ್ತಿತ್ತು. ಎಂದರೆ ಅತ್ತೆ ಗಾಜಿನ ಮನೆಯ ಒಳಗಿದ್ದಾರೆ.

“ನಿಲ್ಸೋ ಅದನ್ನ,” ಎಂದ ಟೈಲರ್.

ಇಂಜಿನ್ ಹತ್ತುವ ಮೊದಲೇ ನಿಲ್ಲಿಸಲು ಗುಂಡಿಯನ್ನು ಮೂರೆಣಿಸುವವರೆಗೆ ಒತ್ತಿ ಹಿಡಿಯಬೇಕೆಂದು ಏಳನೆಯ ಪುಟದಲ್ಲಿತ್ತು. ಆದರೆ ಗಾಬರಿಬಿದ್ದ ಮನುಷ್ಯನಿಗೆ ಮೂರೆಣಿಸುವ ತಾಳ್ಮೆ ಎಲ್ಲಿಂದ ಬರಬೇಕು? ಬೀಗದಣ್ಣ ಟಕಟಕ ಒತ್ತಿದ. ಯಂತ್ರ ಅದನ್ನು ಹೊಸ ಅಪ್ಪಣೆ ಎಂದು ತಿಳಿದು, ಹಳೆಯ ಲೆಕ್ಕ ಬಿಟ್ಟು, ಒಂದರಿಂದ ಮತ್ತೆ ಶುರುಮಾಡಿತು. ರಿಮೋಟ್ ಸಂತೋಷದಿಂದ ಕುಯ್ ಕುಯ್ ಎಂದಿತು.

ಬೀಗದಣ್ಣ ಓಡಿದ. ಐವತ್ತು ದಾಟಿದ ಮೇಲೆ ಅವನು ಓಡಿದ್ದನ್ನು ಬೀದಿಯವರು ಯಾರೂ ನೋಡಿರಲಿಲ್ಲ, ಅಂದು ನೋಡಿದರು. ಹಿಂದಿನಿಂದ ಟೈಲರ್, ಕೊರಳಲ್ಲಿ ಅಳತೆ ಟೇಪು ಹಾರಿಸುತ್ತ. “ಅತ್ತೇ, ಹೊರಗೆ ಬನ್ನಿ,” ಎಂದು ಬೀಗದಣ್ಣ ಕೂಗುತ್ತಿದ್ದ. ರೇಡಿಯೋ ಅವನ ದನಿಯನ್ನು ನುಂಗಿಹಾಕುತ್ತಿತ್ತು. ಕಣ್ಣೆದುರೇ ಪಿಕಪ್ ಇನ್ನೊಂದು ಗೇಣು ಮುಂದೆ ಹಾರಿತು. ಇಷ್ಟು ದೂರದಿಂದ ಕೆಲಸ ಮಾಡುವ ಯಂತ್ರ ಯಾಕಾದರೂ ತಂದೆನೋ, ನೂರು ಹೆಜ್ಜೆಯದು ತಂದಿದ್ದರೆ ಇಷ್ಟು ಹೊತ್ತಿಗೆ ತಲುಪಿರುತ್ತಿದ್ದೆನಲ್ಲ ಎಂದು ಓಡುತ್ತಲೇ ಹಳಹಳಿಸಿದ. ಗಾಜಿನ ಆಚೆ ಅತ್ತೆಯ ಬೂದು ಸ್ವೆಟರ್ ಕಾಣುತ್ತಿತ್ತು. ಅವರು ಪಿಕಪ್ಪಿಗೆ ಬೆನ್ನು ಹಾಕಿ ನಿಂತಿದ್ದರು.

ಆಗ ಅಡುಗೆಮನೆಯ ಬಾಗಿಲು ತೆರೆಯಿತು. ಹೆಂಡತಿ ಒದ್ದೆ ಕೈಯಲ್ಲೇ ಹೊರಬಂದು, ಗಾಡಿಯನ್ನೂ ಗಾಜನ್ನೂ ಒಮ್ಮೆ ನೋಡಿದಳು. ಕೂಗಲಿಲ್ಲ, ಓಡಲೂ ಇಲ್ಲ. ಅಲ್ಲಿದ್ದ ಒಂದು ಇಟ್ಟಿಗೆಯನ್ನು ಕಾಲಿನಿಂದಲೇ ಮುಂದಿನ ಚಕ್ರದಡಿ ತಳ್ಳಿದಳು. ಬಗಲಿಗೆ ಬಂದು, ಅರ್ಧ ತೆರೆದ ಕಿಟಕಿಯೊಳಗೆ ಭುಜದವರೆಗೆ ಕೈ ತೂರಿಸಿ, ಗೇರಿನ ಕಡ್ಡಿಯನ್ನು ಎಳೆದು ಬಿಡಿಸಿದಳು.

ಯಂತ್ರ ಮತ್ತೊಮ್ಮೆ ಪ್ರಯತ್ನಿಸಿತು. ಇಂಜಿನ್ ಬೆಣ್ಣೆಯಂತೆ ಹತ್ತಿಕೊಂಡಿತು. ಬಿಸಿ ಗಾಳಿ ಬೀಸಿ ಮಂಜು ಕರಗತೊಡಗಿತು. ಏದುಸಿರು ಬಿಡುತ್ತ ಅಂಗಳಕ್ಕೆ ಬಂದು ಬಿದ್ದ ಬೀಗದಣ್ಣನ ಕೈಯಲ್ಲಿ ರಿಮೋಟ್, ಕೆಲಸ ಯಶಸ್ವಿಯಾಯಿತೆಂದು ಉದ್ದವಾಗಿ ಕೂಗಿ ಹೇಳಿತು.

ಟೈಲರ್ ಬಗ್ಗಿ, ಕೊರಳ ಟೇಪು ತೆಗೆದು, ಬಂಪರಿಗೂ ಗಾಜಿಗೂ ನಡುವೆ ಹಿಡಿದ. “ಎರಡು ಬೆರಳು,” ಎಂದ.

ಗಾಜಿನ ಮನೆಯ ಬಾಗಿಲು ತೆರೆದು ಅತ್ತೆ ಹೊರಬಂದರು. ಗಾಜಿನವರೆಗೂ ಬಂದು ನಿಂತಿದ್ದ ಪಿಕಪ್ಪನ್ನು ನೋಡಿ ಅವರ ಮುಖ ಅರಳಿತು.

“ಸಸಿ ತುಂಬಿಸೋಕೆ ಅಂತ ಗಾಡಿ ಇಷ್ಟು ಹತ್ತಿರ ತಂದಿರಾ, ಅಳಿಯಂದ್ರೇ? ಇಷ್ಟು ದಿನ ಟ್ರೇ ಹೊತ್ತು ಹೊತ್ತು ನನ್ನ ಸೊಂಟ ಬಿದ್ದುಹೋಗಿತ್ತು. ಕೊನೆಗೂ ನಿಮಗೆ ಹೊಳೀತಲ್ಲ.”

ಬೀಗದಣ್ಣನಿಗೆ ಮೆಟ್ಟಿಲ ಮೇಲೆ ಕುಸಿದು ಕೂರುವುದೊಂದೇ ಉಳಿದದ್ದು. ಒಂದು ಗಾಜೂ ಒಡೆದಿರಲಿಲ್ಲ. ಅತ್ತೆಯ ಕೈಯಲ್ಲಿದ್ದ ನೀರೂ ತುಳುಕಿರಲಿಲ್ಲ. ಹೋದ ಜೀವ ಕಾಲ ಕಡೆಯಿಂದ ನಿಧಾನವಾಗಿ ವಾಪಸು ಬರುತ್ತಿತ್ತು. ಅಳು ಬಂದಂತಾಯಿತು, ಟೈಲರ್ ಎದುರಿಗಿದ್ದನಲ್ಲ ಎಂದು ಕೆಮ್ಮಿದ. ಕೆಮ್ಮಿ ಮುಗಿದ ಮೇಲೆ, ಎಲ್ಲರೂ ಕ್ಷೇಮ ಎಂದು ಖಾತ್ರಿಯಾದ ಮೇಲೆ, ಕೋಪ ಬಂತು.

“ಗೇರ್ ಯಾರು ಹಾಕಿದ್ದು?”

“ನಾನು,” ಎಂದಳು ಹೆಂಡತಿ.

“ನೀನಾ? ನ್ಯೂಟ್ರಲ್ ಮಾಡಿ ನಿಲ್ಲಿಸಿದ್ದೆ. ನಿನ್ನ ಕಣ್ಣೆದುರಿಗೇ ಮಾಡಿದ್ದೆ.”

“ನೀವು ದಿನಾ ಹಾಗೇ ನಿಲ್ಲಿಸ್ತೀರಿ. ಆ ಹ್ಯಾಂಡ್ ಬ್ರೇಕ್ ಹಿಡಿಯಲ್ಲ. ಗಾಡಿ ತಂದ ಮೊದಲನೇ ವಾರಾನೇ ತಾನಾಗಿ ಉರುಳ್ಕೊಂಡು ಬರ್ತಿತ್ತು, ನಾನು ಕೈ ಹಾಕಿ ನಿಲ್ಲಿಸಿದೆ. ಅವತ್ತಿಂದ ದಿನಾ ಹಾಲಿನ ಪಾತ್ರೆ ಮುಚ್ಚಿಟ್ಟು, ಹೊರಗೆ ಬಂದು, ಗೇರ್ ಹಾಕಿ ಮಲಗ್ತೀನಿ. ಆ ಕಿಟಕಿ ಕೆಟ್ಟ ಮೇಲೆ ಬಾಗಿಲೂ ತೆಗೆಯಲ್ಲ.”

“ಹದಿನೆಂಟು ವರ್ಷದಿಂದಾನಾ?”

“ಊರಿಗೆ ಹೋದಾಗ ಬಿಟ್ಟು. ಆಗ ಅಮ್ಮ ಹಾಕ್ತಾರೆ.”

ಅತ್ತೆ ಹೌದೆಂದು ತಲೆಯಾಡಿಸಿದರು. ಏನು ಕೇಳಿಸಿತೋ, ಸರಿಯಾಗಿಯೇ ತಲೆಯಾಡಿಸಿದರು.

ಬೆಳಿಗ್ಗೆ ಗಾಡಿ ಇಟ್ಟಲ್ಲೇ ಇರುವುದು ತನ್ನ ನಿಲ್ಲಿಸುವ ಕೌಶಲ ಎಂದು ಬೀಗದಣ್ಣ ಎಷ್ಟು ಜನರ ಮುಂದೆ ಹೇಳಿಕೊಂಡಿದ್ದನೋ. “ಆದ್ರೆ ಈಗ ಹ್ಯಾಂಡ್ ಬ್ರೇಕ್ ಬಿಗಿ ಮಾಡಿಸಿದೀನಲ್ಲೇ,” ಎಂದ, ಸಣ್ಣ ದನಿಯಲ್ಲಿ.

“ಅದನ್ನ ನನಗೆ ಯಾರು ಹೇಳಿದ್ರು?”

ಟೈಲರ್ ಅಂಗಡಿ ತೆರೆದಿಟ್ಟು ಬಂದದ್ದು ಆಗ ನೆನಪಾಗಿ ಹೊರಟುಹೋದ.

“ನಾಳೇನೇ ಈ ಯಂತ್ರ ಬಿಚ್ಚಿಸಿಬಿಡ್ತೀನಿ,” ಎಂದ ಬೀಗದಣ್ಣ.

ಹೆಂಡತಿ ಪಿಕಪ್ಪಿನ ಮುಂದಿನ ಗಾಜನ್ನು ನೋಡಿದಳು. ಮಂಜೆಲ್ಲ ಇಳಿದು ಹೊಳೆಯುತ್ತಿತ್ತು. ಗಂಡನ ಬೆರಳುಗಳನ್ನೂ ನೋಡಿದಳು. ಎಷ್ಟೋ ಚಳಿಗಾಲಗಳ ನಂತರ ಬೆಳಗಿನ ಹೊತ್ತು ಅವು ಮರಗಟ್ಟಿರಲಿಲ್ಲ, ಬರೀ ನಡುಗುತ್ತಿದ್ದವು.

“ಬಿಚ್ಚಿಸೋದು ಬೇಡ. ಚೆನ್ನಾಗೇ ಕೆಲಸ ಮಾಡತ್ತೆ. ರಿಮೋಟ್ ಇಲ್ಲಿ ಕೊಡಿ,” ಎಂದು ಕೈ ಚಾಚಿದಳು. ಕೊಟ್ಟ.

ಮರುದಿನ ಬೆಳಿಗ್ಗೆ ಟೈಲರ್ ಅಂಗಡಿ ತೆರೆಯಲು ಹೋಗುತ್ತಿದ್ದಾಗ, ಬೀಗದಣ್ಣ ಕಿವಿ ಮುಚ್ಚುವಂತೆ ಮಫ್ಲರ್ ಸುತ್ತಿಕೊಂಡು ಪಿಕಪ್ಪಿನ ಪಕ್ಕ ನಿಂತಿದ್ದ. ಕಿಟಕಿಯೊಳಗೆ ಕೈ ಹಾಕಿ ಗೇರಿನ ಕಡ್ಡಿಯನ್ನು ಅತ್ತಿತ್ತ ಅಲ್ಲಾಡಿಸಿ ನೋಡಿದ. ಚಕ್ರದಡಿ ಇಟ್ಟಿಗೆ ನೋಡಿದ. ಗಾಜಿನ ಮನೆಯೊಳಗೆ ಇಣುಕಿ ಅತ್ತೆ ಎಲ್ಲಿದ್ದಾರೆಂದು ನೋಡಿದ. ಆಮೇಲೆ ಅಡುಗೆಮನೆಯ ಕಡೆ ತಿರುಗಿ ಬಲಗೈ ಮೇಲೆತ್ತಿದ. ಇಂಜಿನ್ ಸ್ಟಾರ್ಟ್ ಆಯಿತು.

“ಚಳೀಲಿ ನಿಂತ್ಕೊಂಡು ಏನೋ ಮಾಡ್ತಿದೀಯ?” ಎಂದು ಟೈಲರ್ ಕೇಳಿದ.

“ಕಾಣಲ್ವಾ? ಗಾಡೀನ ದೂರದಿಂದ ಸ್ಟಾರ್ಟ್ ಮಾಡ್ತಿದೀವಿ.”

“ನೀನು ಗಾಡಿ ಪಕ್ಕದಲ್ಲೇ ಇದೀಯಲ್ಲೋ.”

“ದೂರ ಇರೋದು ಅವಳು,” ಎಂದ ಬೀಗದಣ್ಣ.